ಸದ್ದು ಎತ್ತಲಿಂದ ಬಂತು? ಮಕ್ಕಳು ದಿಕ್ಕು ಗುರುತಿಸುವುದನ್ನು ಪರೀಕ್ಷಿಸುವ ಬಗೆ

ಮಗುವಿನ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟುವುದು, ಮಗು ತಿರುಗಿದರೆ "ಕಿವಿ ಚೆನ್ನಾಗಿದೆ" ಎಂದು ನಿರಾಳವಾಗುವುದು ಎಲ್ಲರಿಗೂ ಗೊತ್ತಿರುವ ಪರೀಕ್ಷೆ. ಇದರಿಂದ ತಿಳಿಯುವುದು ತೀರಾ ಕಡಿಮೆ. ಮಗು ತಿರುಗಿದ್ದು ಸದ್ದಿಗೋ, ಕತ್ತಿಗೆ ತಾಗಿದ ಗಾಳಿಗೋ, ಗೋಡೆಯ ಮೇಲೆ ಸರಿದ ನೆರಳಿಗೋ, ಎದುರಿಗಿದ್ದ ಅಮ್ಮನ ಕಣ್ಣು ಹೋದ ಕಡೆಗೋ ಹೇಳಲಾಗದು. ಸದ್ದಿಗೇ ತಿರುಗಿತು ಎಂದುಕೊಂಡರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಸದ್ದು ಇದ್ದ ಕಡೆಗೆ ತಿರುಗಿತೋ, ಯಾವಾಗಲೂ ತಿರುಗುವ ಕಡೆಗೆ ತಿರುಗಿದಾಗ ಸದ್ದು ಅಲ್ಲೇ ಇತ್ತೋ?

ದಿಕ್ಕು ಗುರುತಿಸುವ ಪರೀಕ್ಷೆಯಲ್ಲಿ ಸದ್ದು ಮಾಡುವುದು ಸುಲಭದ ಭಾಗ. ಕಿವಿ ಬಿಟ್ಟು ಬೇರೆ ಯಾವ ದಾರಿಯಿಂದಲೂ ಮಗುವಿಗೆ ಉತ್ತರ ಸಿಗದಂತೆ ನೋಡಿಕೊಳ್ಳುವುದರಲ್ಲೇ ಮುಕ್ಕಾಲು ಪಾಲು ಕೆಲಸವಿದೆ. ಮುಂದಿನ ವಿವರಗಳಲ್ಲಿ ಹೆಚ್ಚಿನವು ಅದಕ್ಕೇ ಸಂಬಂಧಪಟ್ಟವು.

ಇದು ಕೇಳ್ಮೆಯ ಪರೀಕ್ಷೆಗೆ ಬದಲಿಯಲ್ಲ ಎಂಬುದನ್ನೂ ಮೊದಲೇ ಹೇಳಬೇಕು. ಎರಡೂ ಕಿವಿ ಸಮನಾಗಿ ಮಂದವಾಗಿರುವ ಮಗುವಿಗೆ ಸದ್ದು ಸಾಕಷ್ಟು ಜೋರಾಗಿದ್ದರೆ ಎಡಬಲ ತಪ್ಪದೇ ಹೇಳಬಲ್ಲದು. ಒಂದೇ ಕಿವಿ ಕೇಳುವ ಮಗು ಮಾತಿಗೆಲ್ಲ ಸರಿಯಾಗಿ ಉತ್ತರಿಸಿಯೂ ಇಲ್ಲಿ ಎಡವುತ್ತದೆ. ಹಾಗಾಗಿ ಆಡಿಯಾಲಜಿಸ್ಟ್ (ಕೇಳ್ಮೆಯ ತಜ್ಞರು) ಮಾಡುವ ಪರೀಕ್ಷೆಯ ಜೊತೆಗೆ ಇದನ್ನು ಇಟ್ಟುಕೊಳ್ಳಬೇಕು.

ಕಿವಿಗೆ ಸಿಗುವ ಮೂರು ಸುಳಿವು

ಬಲಗಡೆಯ ಸದ್ದು ಬಲಗಿವಿಗೆ ತುಸು ಮೊದಲು ಮುಟ್ಟುತ್ತದೆ. ಸದ್ದು ನೇರ ಪಕ್ಕದಿಂದ ಬಂದಾಗ ಈ ವ್ಯತ್ಯಾಸ ಅತಿ ಹೆಚ್ಚು; ಆಗಲೂ ದೊಡ್ಡವರ ತಲೆಯಲ್ಲಿ ಅದು ಒಂದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಸುಮಾರು ಮುಕ್ಕಾಲು ಪಾಲನ್ನು ದಾಟುವುದಿಲ್ಲ. ಕೂಸಿನ ತಲೆ ಚಿಕ್ಕದು, ಆದ್ದರಿಂದ ಅಂತರವೂ ಚಿಕ್ಕದು. ತಲೆ ಬೆಳೆದಂತೆ ಈ ಲೆಕ್ಕ ಬದಲಾಗುತ್ತಲೇ ಇರುತ್ತದೆ, ಮಿದುಳು ಅದನ್ನು ಮತ್ತೆ ಮತ್ತೆ ಹೊಂದಿಸಿಕೊಳ್ಳಬೇಕಾಗುತ್ತದೆ. ಸಮಯದ ಈ ಸುಳಿವು ಮುಖ್ಯವಾಗಿ 1500 ಹರ್ಟ್ಸ್‌ಗಿಂತ ಕೆಳಗಿನ, ದಪ್ಪ ಸದ್ದುಗಳಿಗೆ ಕೆಲಸಕ್ಕೆ ಬರುತ್ತದೆ.

ಅದಕ್ಕಿಂತ ಮೇಲಿನ ಕೀಚಲು ಸದ್ದುಗಳಿಗೆ ತಲೆಯೇ ಅಡ್ಡಗೋಡೆ. ದೂರದ ಕಿವಿ ತಲೆಯ ನೆರಳಿನಲ್ಲಿದ್ದು ಅದಕ್ಕೆ ಸದ್ದು ಮೆತ್ತಗೆ ಕೇಳುತ್ತದೆ; ಬಹಳ ಕೀಚಲು ಸದ್ದುಗಳಲ್ಲಿ ಈ ವ್ಯತ್ಯಾಸ 20 ಡೆಸಿಬಲ್‌ವರೆಗೂ ಹೋಗಬಹುದು. ಸಮಯ ಮತ್ತು ಜೋರು ಎಂಬ ಈ ಎರಡು ಸುಳಿವುಗಳ ವಿವರಣೆಯನ್ನು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲೀ 1907ರಲ್ಲಿ ಕೊಟ್ಟ. ಇಂದಿಗೂ ಪರೀಕ್ಷೆಗಳ ತಳಪಾಯ ಅದೇ.

ಇವೆರಡರಿಂದಲೂ ಬಗೆಹರಿಯದ್ದು ಹಿಂದೆ-ಮುಂದೆ, ಮೇಲೆ-ಕೆಳಗೆ. ನೇರ ಮುಂದಿನ ಸದ್ದೂ ನೇರ ಹಿಂದಿನ ಸದ್ದೂ ಎರಡೂ ಕಿವಿಗೆ ಒಟ್ಟಿಗೇ, ಒಂದೇ ಜೋರಿನಲ್ಲಿ ಮುಟ್ಟುತ್ತವೆ. ಇಲ್ಲಿ ನೆರವಾಗುವುದು ಹೊರಕಿವಿಯ ಮಡಿಕೆಗಳು: ಸುಮಾರು 4000 ಹರ್ಟ್ಸ್‌ಗಿಂತ ಮೇಲಿನ ಸದ್ದನ್ನು ಅವು ಬಂದ ದಿಕ್ಕಿಗೆ ತಕ್ಕಂತೆ ಸ್ವಲ್ಪ ಬದಲಿಸುತ್ತವೆ. ತಲೆಯನ್ನು ತುಸು ಹೊರಳಿಸಿ ನೋಡುವುದು ಇನ್ನೊಂದು ಉಪಾಯ. ಈ ಎರಡು ಮಾತು ನೆನಪಿರಲಿ. ಯಾವ ಸದ್ದು ಬಳಸಬೇಕು, ಎಷ್ಟು ಹೊತ್ತು ಬಳಸಬೇಕು ಎಂಬುದು ಇವುಗಳ ಮೇಲೇ ನಿಂತಿದೆ.

ಯಾವ ವಯಸ್ಸಿಗೆ ಎಷ್ಟು ನಿರೀಕ್ಷೆ

ಹುಟ್ಟಿದ ಕೆಲವೇ ದಿನಗಳ ಕೂಸು ಕೂಡ ಪಕ್ಕದ ಗಿಲಕಿಯತ್ತ ನಿಧಾನವಾಗಿ ತಲೆ ಹೊರಳಿಸುತ್ತದೆ, ಕೆಲವು ಸೆಕೆಂಡು ತೆಗೆದುಕೊಂಡು. ಎರಡು-ಮೂರು ತಿಂಗಳ ಹೊತ್ತಿಗೆ ಈ ಹೊರಳಾಟ ಮಂಕಾಗಿ, ನಾಲ್ಕೈದು ತಿಂಗಳಿಗೆ ಮತ್ತೆ ಚುರುಕಾಗಿ ಬರುತ್ತದೆ. ನಡುವಿನ ಈ ತಗ್ಗು ಸಹಜವಾದದ್ದು. ಮೂರು ತಿಂಗಳ ಮಗು ತಿರುಗಲಿಲ್ಲವೆಂದು ಗಾಬರಿಪಡುವುದೂ ಬೇಡ, ಆ ವಯಸ್ಸಿನಲ್ಲಿ ದಿಕ್ಕಿನ ಪರೀಕ್ಷೆ ಮಾಡುವುದೂ ಬೇಡ. ಕೇಳ್ಮೆಯ ಬಗ್ಗೆಯೇ ಅನುಮಾನವಿದ್ದರೆ ಮಗುವಿನ ಪ್ರತಿಕ್ರಿಯೆಗೆ ಕಾಯದೆ ಯಂತ್ರದಿಂದಲೇ ಅಳೆಯುವ ಪರೀಕ್ಷೆಗಳಿವೆ. ಅಲ್ಲಿಗೆ ಹೋಗುವುದೇ ಸರಿ.

ಆರು ತಿಂಗಳಿನ ಆಚೆ ಮಗು ಕಿವಿಯ ಮಟ್ಟದ ಸದ್ದಿಗೆ ಪಕ್ಕಕ್ಕೆ ತಿರುಗುತ್ತದೆ. ಕೆಳಗಿನ ಸದ್ದನ್ನು ಕಂಡುಹಿಡಿಯುವುದು ಅದರ ನಂತರ. ಮೊದಮೊದಲು ಪಕ್ಕಕ್ಕೆ ನೋಡಿ ಆಮೇಲೆ ಕೆಳಗೆ ನೋಡುತ್ತದೆ, ವರ್ಷದ ಹೊತ್ತಿಗೆ ನೇರವಾಗಿ ಕೆಳಗೆ. ತಲೆಯ ಮೇಲಿನ ಸದ್ದು ಎಲ್ಲಕ್ಕಿಂತ ಕೊನೆಗೆ, ವರ್ಷ ತುಂಬಿದ ಮೇಲೆ.

ಎಷ್ಟು ಸೂಕ್ಷ್ಮವಾಗಿ ಗುರುತಿಸುತ್ತದೆ ಎಂಬುದಕ್ಕೆ ಬಳಸುವ ಅಳತೆ, ಎರಡು ಜಾಗಗಳು ಬೇರೆ ಬೇರೆ ಎಂದು ತಿಳಿಯಲು ಬೇಕಾದ ಕನಿಷ್ಠ ಕೋನ. ಆರು ತಿಂಗಳಲ್ಲಿ ಅದು ಸುಮಾರು 10ರಿಂದ 20 ಡಿಗ್ರಿ, ಒಂದೂವರೆ ವರ್ಷದಲ್ಲಿ 5 ಡಿಗ್ರಿಯ ಆಸುಪಾಸು, ಐದು ವರ್ಷಕ್ಕೆ 1–2 ಡಿಗ್ರಿ. ದೊಡ್ಡವರಿಗೆ ನೇರ ಎದುರಿನಲ್ಲಿ ಸುಮಾರು 1 ಡಿಗ್ರಿ. ಇವು "ಬೇರೆ" ಎಂದು ತಿಳಿಯುವ ಅಂಕಿಗಳು ಮಾತ್ರ. "ಸದ್ದು ಎಲ್ಲಿತ್ತು, ತೋರಿಸು" ಎಂದಾಗ ಬರುವ ತಪ್ಪು ಎಲ್ಲ ವಯಸ್ಸಿನಲ್ಲೂ ಇದಕ್ಕಿಂತ ದೊಡ್ಡದು. ಎರಡು ಬಗೆಯ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬಾರದು.

ಕೋಣೆ ಮತ್ತು ಅರ್ಧವೃತ್ತ

ಬೇಕಾಗುವುದು: ಒಂದೇ ಮಾದರಿಯ ಏಳು ಚಿಕ್ಕ ಸ್ಪೀಕರ್, ಅವುಗಳಿಗೆ ಪ್ರತ್ಯೇಕವಾಗಿ ಸದ್ದು ಕಳಿಸುವ ಸಾಧನ, ಸದ್ದಿನ ಮಟ್ಟ ಅಳೆಯುವ ಮೀಟರ್, ತೆಳುವಾದ ಪರದೆ, ಅಳತೆ ಟೇಪು, ದಾರ, ವಿಡಿಯೋ ಕ್ಯಾಮೆರಾ. ಏಳು ಹೊಂದದಿದ್ದರೆ ಐದು. ಐದೂ ಆಗದಿದ್ದರೆ ಎಡ, ನಡು, ಬಲ ಎಂದು ಮೂರು. ಮೂರರಲ್ಲೂ ಉಪಯುಕ್ತ ಸಂಗತಿ ತಿಳಿಯುತ್ತದೆ, ಕೋನ ಮಾತ್ರ ಸಿಗುವುದಿಲ್ಲ.

ಸ್ಪೀಕರ್‌ಗಳು ತಂತಿಯವೇ ಆಗಿರಲಿ. ಬ್ಲೂಟೂತ್ ಸ್ಪೀಕರ್‌ಗಳಲ್ಲಿ ಹಲವು ಸ್ವಲ್ಪ ಹೊತ್ತು ಸುಮ್ಮನಿದ್ದರೆ ನಿದ್ದೆಗೆ ಜಾರುತ್ತವೆ. ಎಚ್ಚರವಾಗುವಷ್ಟರಲ್ಲಿ ಸದ್ದಿನ ಮೊದಲ ಭಾಗ ನುಂಗಿಹೋಗಿರುತ್ತದೆ. ಕಾಲು ಸೆಕೆಂಡಿನ ಸದ್ದಾದರೆ ಪೂರ್ತಿಯೇ ಹೋಗಬಹುದು.

ಕೋಣೆ ನಿಶ್ಶಬ್ದವಾಗಿರಬೇಕು: ಫ್ಯಾನ್, ಏಸಿ, ಕಂಪ್ಯೂಟರ್ ಎಲ್ಲ ಬಂದ್ ಮಾಡಿ ಅಳೆದಾಗ 40 ಡೆಸಿಬಲ್ ದಾಟದಿದ್ದರೆ ಸಾಕು, 35ರೊಳಗಿದ್ದರೆ ಒಳ್ಳೆಯದು. ನಿಶ್ಶಬ್ದಕ್ಕಿಂತ ದೊಡ್ಡ ತೊಡಕು ಪ್ರತಿಧ್ವನಿ. ಬೋಳು ಗೋಡೆಗಳ ಚಿಕ್ಕ ಕೋಣೆಯಲ್ಲಿ ಸದ್ದು ಎಲ್ಲ ಕಡೆಯಿಂದ ಚಿಮ್ಮಿ ಬರುತ್ತದೆ. ದೊಡ್ಡವರ ಮಿದುಳು ಮೊದಲು ಮುಟ್ಟಿದ ಸದ್ದನ್ನೇ ನಂಬಿ, ಹಿಂದೆಯೇ ಬಂದ ಪ್ರತಿಧ್ವನಿಯನ್ನು ದಿಕ್ಕಿನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಈ ಜಾಣ್ಮೆ ಹುಟ್ಟಿನಿಂದ ಇರುವುದಿಲ್ಲ, ತಿಂಗಳು ವರ್ಷಗಳಲ್ಲಿ ಬಲಿಯುತ್ತದೆ. ಹಾಗಾಗಿ "ನಮಗೇನೂ ತೊಂದರೆಯಾಗುತ್ತಿಲ್ಲ" ಎಂಬುದು ಕೋಣೆ ಸರಿಯಿದೆ ಎನ್ನಲು ಆಧಾರವಲ್ಲ. ನೆಲಕ್ಕೆ ಜಮಖಾನ, ಗೋಡೆಗೆ ದಪ್ಪ ಪರದೆ ಹಾಕಿ. ಸ್ಪೀಕರ್‌ಗಳನ್ನು ಗೋಡೆಯಿಂದ ಒಂದು ಮೀಟರ್ ದೂರ ಇಡಿ. ಎಡ ಬಲ ಒಂದೇ ತರಹ ಇರಲಿ. ಒಂದು ಬದಿಗೆ ಗಾಜಿನ ಕಿಟಕಿ, ಇನ್ನೊಂದು ಬದಿಗೆ ಬಟ್ಟೆಯ ಬೀರು ಇರುವ ಕೋಣೆ ಫಲಿತಾಂಶವನ್ನೇ ವಾಲಿಸುತ್ತದೆ. ಗಾಳಿಯಿಲ್ಲದ, ಗದ್ದಲವಿಲ್ಲದ ಬಯಲು ಸಿಕ್ಕರೆ ಪ್ರತಿಧ್ವನಿಯ ಮಟ್ಟಿಗೆ ಎಷ್ಟೋ ಕೋಣೆಗಳಿಗಿಂತ ಅದೇ ವಾಸಿ.

ಅರ್ಧವೃತ್ತ ಗುರುತಿಸಲು ಕೋನಮಾಪಕ ಬೇಡ, 1.5 ಮೀಟರ್ ದಾರ ಸಾಕು. ಮಗುವಿನ ತಲೆ ಬರುವ ಜಾಗವನ್ನು ನೆಲದ ಮೇಲೆ ಗುರುತಿಸಿ, ಅಲ್ಲಿಂದ ನೇರ ಎದುರಿಗೆ 1.5 ಮೀಟರ್‌ನಲ್ಲಿ ಒಂದು ಗುರುತು ಹಾಕಿ. ಇದು 0 ಡಿಗ್ರಿ. ದಾರದಿಂದ ಅರ್ಧವೃತ್ತ ಎಳೆಯಿರಿ. 0ಯಿಂದ ಅದೇ ದಾರದ ಉದ್ದವನ್ನು ವೃತ್ತದ ಗೆರೆಗೆ ತಾಗಿಸಿದರೆ ಎರಡೂ ಬದಿಗೆ 60 ಡಿಗ್ರಿ ಸಿಗುತ್ತದೆ. 60ರ ಗುರುತಿನಿಂದ 78 ಸೆಂಟಿಮೀಟರ್ ಒಳಕ್ಕೆ 30 ಡಿಗ್ರಿ, ಅಷ್ಟೇ ಹೊರಕ್ಕೆ 90. ಕೊನೆಯಲ್ಲಿ ಎಡ 90ರಿಂದ ಬಲ 90ಕ್ಕೆ ಅಳೆಯಿರಿ. ಮೂರು ಮೀಟರ್ ಬಂದು ಟೇಪು ನಡುಗುರುತಿನ ಮೇಲೇ ಹಾದರೆ ಲೆಕ್ಕ ಸರಿ. ಈ ದೂರದಲ್ಲಿ 1 ಡಿಗ್ರಿ ಎಂದರೆ 2.6 ಸೆಂಟಿಮೀಟರ್. ಕುರ್ಚಿ ಒಂದು ಗೇಣು ಸರಿದರೆ ಏಳೆಂಟು ಡಿಗ್ರಿ ಹೋಯಿತು, ಆದ್ದರಿಂದ ಕುರ್ಚಿಯ ಕಾಲುಗಳಿಗೂ ಟೇಪು ಅಂಟಿಸಿ.

ಸ್ಪೀಕರ್‌ಗಳ ಎತ್ತರ ಕೂತ ಮಗುವಿನ ಕಿವಿಯ ಮಟ್ಟಕ್ಕಿರಲಿ, ಮುಖ ಮಗುವಿನ ಕಡೆಗಿರಲಿ. ಆಮೇಲೆ ಮಗು ಕೂರುವ ಮೊದಲು, ತಲೆ ಬರುವ ಜಾಗದಲ್ಲಿ ಮೀಟರ್ ಹಿಡಿದು ಒಂದೊಂದರಿಂದಲೂ ಒಂದೇ ಸದ್ದು ಕೊಟ್ಟು ಅಳೆದು, 1 ಡೆಸಿಬಲ್‌ನೊಳಗೆ ಸಮ ಮಾಡಿ. ಫೋನಿನ ಆ್ಯಪ್ ಕೊಡುವ ಅಂಕಿ ನಿಖರವಲ್ಲ, ಆದರೆ ಏಳನ್ನು ಪರಸ್ಪರ ಹೋಲಿಸಲು ನಡೆಯುತ್ತದೆ. ಕೊನೆಗೆ ಪರದೆ ಎಳೆದು ಸ್ಪೀಕರ್‌ಗಳನ್ನು ಮರೆಮಾಡಿ, ಪರದೆ ಹಾಕಿದ ಮೇಲೆ ಇನ್ನೊಮ್ಮೆ ಅಳೆಯಿರಿ.

ಎಂಥ ಸದ್ದು

ಶುದ್ಧ ಸ್ವರ, ಅಂದರೆ ಒಂದೇ ಆವರ್ತನದ ಪೀಪಿಯಂಥ ಸದ್ದು ಬೇಡ. ಕೋಣೆಯಲ್ಲಿ ಅದರ ಅಲೆಗಳು ಗೋಡೆಗೆ ಬಡಿದು ಒಂದರ ಮೇಲೊಂದು ಕೂತು, ಒಂದು ಕಿವಿಯ ಬಳಿ ಜೋರಾಗಿ, ಇನ್ನೊಂದರ ಬಳಿ ಮೆತ್ತಗಾಗಿ ಕೇಳುತ್ತವೆ. ಸದ್ದಿನ ದಿಕ್ಕಿಗೂ ಇದಕ್ಕೂ ಸಂಬಂಧವೇ ಇರುವುದಿಲ್ಲ. ದಪ್ಪದಿಂದ ಕೀಚಲಿನವರೆಗೆ ಎಲ್ಲ ಆವರ್ತನಗಳೂ ಇರುವ "ಶ್‌ಶ್" ಎಂಬಂಥ ನಾಯ್ಸ್ ಅತ್ಯುತ್ತಮ. ಅದರಿಂದ ಚಿಕ್ಕ ಮಕ್ಕಳಿಗೆ ಬೇಸರವಾಗುತ್ತದೆ ಎಂದಾದರೆ ಧ್ವನಿಮುದ್ರಿಸಿದ ಒಂದೇ ಒಂದು ಪದ. ಪದವಾದರೆ ಏಳೂ ಕಡೆಯಿಂದ ಅದೇ ಪದ, ಅದೇ ದನಿ.

ಅವಧಿ 200 ಮಿಲಿಸೆಕೆಂಡಿನ ಆಸುಪಾಸಿನಲ್ಲಿರಲಿ. ಉದ್ದ ಸದ್ದಾದರೆ ಮಗು ತಲೆ ಹೊರಳಿಸುತ್ತಾ, ಎಲ್ಲಿ ಎರಡೂ ಕಿವಿಗೆ ಸಮನಾಗುತ್ತದೋ ಅಲ್ಲಿ ನಿಲ್ಲಿಸುತ್ತದೆ. ಅದು ಮೋಸವೇನಲ್ಲ, ದಿನದ ಬದುಕಿನಲ್ಲಿ ಎಲ್ಲರೂ ಮಾಡುವುದೇ. ಆದರೆ ಆಗ ಅಳೆಯುತ್ತಿರುವುದು ಹುಡುಕುವ ಜಾಣ್ಮೆಯನ್ನು. ಎರಡೂ ಬೇಕೆನಿಸಿದರೆ ಚಿಕ್ಕ ಸದ್ದಿನ ಸುತ್ತು, ಉದ್ದ ಸದ್ದಿನ ಸುತ್ತು ಬೇರೆ ಬೇರೆ ಮಾಡಿ. ಎರಡು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಉದ್ದ ಸದ್ದೇ ಬೇಕು, ಕಾಲು ಸೆಕೆಂಡಿಗೆ ಅವು ಆಟದಿಂದ ಕಣ್ಣು ಎತ್ತುವುದಿಲ್ಲ.

ಜೋರು ಸರಾಸರಿ 60 ಡೆಸಿಬಲ್ ಇಟ್ಟುಕೊಂಡು, ಪ್ರತಿ ಬಾರಿ 56ರಿಂದ 64ರ ನಡುವೆ ಗೊತ್ತುಗುರಿಯಿಲ್ಲದೆ ಬದಲಿಸಿ. ಇದನ್ನು ಬಿಟ್ಟುಬಿಡುವುದೇ ಸಾಮಾನ್ಯ ತಪ್ಪು. ಒಂದೇ ಕಿವಿ ಕೇಳುವ ಮಗುವಿಗೆ ಆ ಕಿವಿಯ ಬದಿಯ ಸದ್ದು ಜೋರು, ಎದುರು ಬದಿಯದು ಮೆತ್ತಗೆ. ಹತ್ತು ಬಾರಿ ಕೇಳಿದರೆ "ಜೋರು ಎಂದರೆ ಬಲ, ಮೆತ್ತಗೆ ಎಂದರೆ ಎಡ" ಎಂದು ಮಗು ಕಲಿತುಬಿಡುತ್ತದೆ. ನಿಮ್ಮ ಹಾಳೆಯಲ್ಲಿ ಎಲ್ಲವೂ ಸರಿ ಎಂದು ಬೀಳುತ್ತದೆ.

ಅರ್ಧದಿಂದ ಎರಡು ವರ್ಷ: ತಲೆ ತಿರುಗಿಸುವ ಪರೀಕ್ಷೆ

ಇಬ್ಬರು ಬೇಕು. ಮಗು ಅಮ್ಮನ ಮಡಿಲಲ್ಲಿ, ಎದೆಗೆ ಒರಗದೆ ಮೊಣಕಾಲ ಕಡೆಗೆ ಕೂತಿರಲಿ; ಅಮ್ಮನ ಕೈ ಮಗುವಿನ ಸೊಂಟದ ಬಳಿ. ಮೊದಲನೆಯವರು ಎದುರಿಗೆ ಒಂದು ತಗ್ಗು ಮೇಜಿನ ಮೇಲೆ ಆಟಿಕೆ ಆಡಿಸುತ್ತಾರೆ. ಮಗುವಿನ ಗಮನ ನೆಟ್ಟ ಮೇಲೆ ಆಟಿಕೆಯನ್ನು ಕೈಯಿಂದ ಮುಚ್ಚಿ ಅಲುಗಾಡದೆ ಇರುತ್ತಾರೆ. ಆ ಒಂದೆರಡು ಸೆಕೆಂಡಿನ ಖಾಲಿಯಲ್ಲಿ ಎರಡನೆಯವರು ಹಿಂದಿನಿಂದ ಸದ್ದು ಮಾಡಬೇಕು: ಕಿವಿಯಿಂದ ಒಂದು ಮೀಟರ್ ದೂರ, ಕಿವಿಯ ಮಟ್ಟ, ಪಕ್ಕದಿಂದ 45 ಡಿಗ್ರಿ ಹಿಂದಕ್ಕೆ, ಅಂದರೆ ಮಗುವಿನ ಕಣ್ಣಂಚಿಗೂ ಬೀಳದ ಜಾಗ.

ಈ ಪರೀಕ್ಷೆಯ ಜೀವ ಇರುವುದು ಆ ಖಾಲಿ ಗಳಿಗೆಯಲ್ಲಿ. ಆಟಿಕೆ ಇನ್ನೂ ಕುಣಿಯುತ್ತಿದ್ದರೆ ಸದ್ದು ಕೇಳಿದರೂ ಮಗು ತಿರುಗದು. ಆಟ ಪೂರ್ತಿ ನಿಂತು ಹೆಚ್ಚು ಹೊತ್ತಾದರೆ ಸದ್ದಿಲ್ಲದಿದ್ದರೂ ಅತ್ತಿತ್ತ ನೋಡುತ್ತದೆ. ಇಬ್ಬರೂ ಒಂದು ಬೊಂಬೆಯನ್ನು ಮಗುವೆಂದು ಕೂರಿಸಿಕೊಂಡು ಮೊದಲು ಅಭ್ಯಾಸ ಮಾಡಿ.

ಸದ್ದಿಗೆ ಎರಡು ಬಗೆ ಇಟ್ಟುಕೊಳ್ಳಿ: ಮೆಲ್ಲಗೆ "ಊ" ಎಂದು ಗುನುಗುವುದು ದಪ್ಪ ಸದ್ದಿಗೆ, ಉಸಿರಿನಲ್ಲೇ "ಸ್ ಸ್" ಎನ್ನುವುದು ಅಥವಾ ಚಿಕ್ಕ ಗಿಲಕಿ ಕೀಚಲು ಸದ್ದಿಗೆ. "ಸ್" ಎನ್ನುವಾಗ ಉಸಿರು ಮಗುವಿನ ಕತ್ತಿಗೆ ತಾಗದಿರಲಿ. ಸದ್ದು ಎಷ್ಟು ಜೋರಿದೆ ಎಂದು ಅದೇ ದೂರದಲ್ಲಿ ಮೀಟರ್ ಇಟ್ಟು ಮೊದಲೇ ಕೈ ಪಳಗಿಸಿಕೊಳ್ಳಿ. ಜೋರು ಸದ್ದಿಗೆ ಮಗು ಬೆಚ್ಚುತ್ತದೆ, ಬೆಚ್ಚಿದ ಮಗು ದಿಕ್ಕು ಹೇಳುವುದಿಲ್ಲ.

ಎರಡನೆಯವರು ಎಡದಿಂದ ಬಲಕ್ಕೆ ಪ್ರತಿ ಬಾರಿ ಸರಿದು, ಸದ್ದು ಮಾಡದ ಸರದಿಗಳಲ್ಲೂ ಸರಿಯಬೇಕು. ಬಳೆ, ಗೆಜ್ಜೆ, ಸರಸರ ಎನ್ನುವ ಬಟ್ಟೆ, ಸುಗಂಧ ಯಾವುದೂ ಬೇಡ. ಕಾಲಡಿಯ ಹಲಗೆ ಕಿರುಗುಟ್ಟದಿರಲಿ. ಬೆಳಕಿನ ಮೂಲ ಮಗುವಿನ ಮುಂದಿರಲಿ, ಹಿಂದಿದ್ದರೆ ನಿಮ್ಮ ನೆರಳು ಅದರ ಎದುರಿಗೇ ಬೀಳುತ್ತದೆ. ಎದುರಿಗೆ ಗಾಜು ಅಥವಾ ಹೊಳೆಯುವ ಬೀರು ಇದ್ದರೆ ಮುಚ್ಚಿ. ಅಮ್ಮನಿಗೆ ಸದ್ದು ಕೇಳಿದರೆ ಗೊತ್ತಿಲ್ಲದೆಯೇ ಮೈ ಬಿಗಿಯುತ್ತದೆ, ತೊಡೆ ಅಲುಗುತ್ತದೆ, ಮಗುವಿಗೆ ಅಷ್ಟು ಸಾಕು. ಸಾಧ್ಯವಾದರೆ ಅವರಿಗೆ ಹೆಡ್‌ಫೋನ್ ಹಾಕಿ ಸಂಗೀತ ಕೇಳಿಸಿ. ಎದುರಿನವರಂತೂ ಮಗುವಿನ ಮುಖವನ್ನಲ್ಲದೆ ಬೇರೆಲ್ಲೂ ನೋಡಬಾರದು. ಸಹೋದ್ಯೋಗಿಯತ್ತ ಕಣ್ಣು ಹಾಯಿಸಿದರೆ ಮಗು ಆ ಕಣ್ಣನ್ನೇ ಹಿಂಬಾಲಿಸುತ್ತದೆ.

ಸರಿಯಾದ ಕಡೆ ತಿರುಗಿದಾಗ ಅಲ್ಲಿಯೇ ಒಂದು ನಗು, ಒಂದು ಮಾತು, ಅಥವಾ ಸ್ಪೀಕರ್ ಪಕ್ಕದ ಪೆಟ್ಟಿಗೆಯೊಳಗೆ ಬೆಳಗಿ ಕುಣಿಯುವ ಗೊಂಬೆ. ಗೊಂಬೆಯ ವ್ಯವಸ್ಥೆ ಇದ್ದರೆ ಮೊದಲ ಮೂರ್ನಾಲ್ಕು ಬಾರಿ ಸದ್ದನ್ನೂ ಗೊಂಬೆಯನ್ನೂ ಒಟ್ಟಿಗೆ ತೋರಿಸಿ ಕಲಿಸಿ, ಆಮೇಲೆ ಸದ್ದು ಮೊದಲು, ಸರಿಯಾಗಿ ತಿರುಗಿದರೆ ಮಾತ್ರ ಗೊಂಬೆ. ಸಾಮಾನ್ಯ ಕೇಳ್ಮೆ ಪರೀಕ್ಷೆಯಲ್ಲಿ ಯಾವ ಕಡೆ ತಿರುಗಿದರೂ "ಕೇಳಿಸಿತು" ಎಂದು ಬರೆದುಕೊಳ್ಳಬಹುದು, ಇಲ್ಲಿ ಹಾಗಿಲ್ಲ. ಮೊದಲು ಯಾವ ಕಡೆ ತಿರುಗಿತು, ಕೊನೆಗೆ ಎಲ್ಲಿ ನಿಂತಿತು ಎಂಬ ಎರಡನ್ನೂ ಬೇರೆ ಬೇರೆ ಬರೆಯಬೇಕು. ಎಡಕ್ಕೆ ನೋಡಿ ಆಮೇಲೆ ಬಲಕ್ಕೆ ಸರಿಪಡಿಸಿಕೊಳ್ಳುವ ಮಗುವಿಗೂ ನೇರವಾಗಿ ಬಲಕ್ಕೆ ತಿರುಗುವ ಮಗುವಿಗೂ ವ್ಯತ್ಯಾಸವಿದೆ.

ನಾಲ್ಕಕ್ಕೆ ಒಂದು ಸರದಿ ಮೌನದ್ದಿರಲಿ: ಎಲ್ಲ ತಯಾರಿ ಅದೇ, ಸದ್ದು ಮಾತ್ರ ಇಲ್ಲ. ಮೌನದಲ್ಲೂ ಮಗು ತಿರುಗುತ್ತಿದ್ದರೆ ಆ ದಿನದ ಉಳಿದ ಅಂಕಗಳಿಗೆ ಬೆಲೆಯಿಲ್ಲ.

ಎರಡರಿಂದ ನಾಲ್ಕು ವರ್ಷ

ಈ ವಯಸ್ಸಿಗೆ ಗಿಲಕಿಯತ್ತ ತಿರುಗುವುದು ಬೇಸರ, ತೋರಿಸುವ ಆಟ ಇನ್ನೂ ಪೂರ್ತಿ ಗೊತ್ತಿಲ್ಲ. ಕೆಲಸಕ್ಕೆ ಬರುವುದು ಕೈಚಾಚುವ ಆಟ. ಅರ್ಧವೃತ್ತವನ್ನು ಮಗುವಿನ ತೋಳಿಗೆ ಎಟುಕುವಷ್ಟು ಹತ್ತಿರ ತನ್ನಿ, ಪರದೆಯಲ್ಲಿ ಸ್ಪೀಕರ್‌ಗಳ ಎದುರಿಗೆ ಕೈ ತೂರುವಷ್ಟು ಕಿಂಡಿಗಳನ್ನು ಮಾಡಿ. ಸದ್ದು ಬಂದ ಕಿಂಡಿಗೆ ಕೈ ಹಾಕಿದರೆ ಒಂದು ಆಟಿಕೆ ಸಿಗುತ್ತದೆ. ಆಟಿಕೆಯನ್ನು ಸದ್ದು ಬಂದ ಮೇಲೆ ಇಡಬೇಕು, ಇಡುವ ಸರಬರ ಕೇಳಿಸಬಾರದು. ಎಲ್ಲ ಕಿಂಡಿಗಳ ಹಿಂದೆಯೂ ಮೊದಲೇ ಒಂದೊಂದು ಇಟ್ಟು, ತಪ್ಪು ಕಿಂಡಿಯದನ್ನು ತಡೆಯುವುದು ಇನ್ನೂ ಸುಲಭ. ಎರಡು ಕಿಂಡಿಯಿಂದ ಶುರುಮಾಡಿ. ಬಲಗೈ ಬಲಗಡೆಗೇ ಹೋಗುವ ಚಾಳಿ ಇರುತ್ತದೆ, ಆದ್ದರಿಂದ ಪ್ರತಿ ಸರದಿಗೂ ಎರಡು ಕೈಯನ್ನೂ ಎದುರಿನ ಚಿತ್ರದ ಮೇಲಿಟ್ಟು ಆರಂಭಿಸಿ.

ನಾಲ್ಕು ವರ್ಷದ ಮೇಲೆ: ತೋರಿಸುವ ಪರೀಕ್ಷೆ

"ಎಡ", "ಬಲ" ಎಂಬ ಪದಗಳನ್ನು ಕೇಳಬೇಡಿ. ಆರು ವರ್ಷದವರೂ ಆ ಪದಗಳಲ್ಲಿ ತಡವರಿಸುತ್ತಾರೆ. ಕಿವಿ ಸರಿಯಿದ್ದೂ ಭಾಷೆಯಲ್ಲಿ ತಪ್ಪಿದ ಉತ್ತರ ನಿಮ್ಮ ಲೆಕ್ಕದಲ್ಲಿ ಕಿವಿಯ ತಪ್ಪಾಗುತ್ತದೆ. ಪರದೆಯ ಮೇಲೆ ಪ್ರತಿ ಜಾಗಕ್ಕೂ ಒಂದು ಪ್ರಾಣಿಯ ಚಿತ್ರ ಅಂಟಿಸಿ, "ಯಾರು ಕೂಗಿದರು, ತೋರಿಸು" ಎನ್ನಿ. ಆದರೆ ಚಿತ್ರಕ್ಕೆ ತಕ್ಕ ಕೂಗನ್ನು ಹಾಕಬೇಡಿ. ಬೆಕ್ಕಿನ ಚಿತ್ರದ ಹಿಂದಿನಿಂದ ಮಿಯಾಂವ್ ಬಂದರೆ ದಿಕ್ಕು ಏಕೆ ಬೇಕು? ಎಲ್ಲದಕ್ಕೂ ಒಂದೇ ಸದ್ದು. ಸ್ಪೀಕರ್ ಇಲ್ಲದ ಒಂದೆರಡು ಜಾಗಕ್ಕೂ ಚಿತ್ರ ಅಂಟಿಸಿದರೆ ಇನ್ನೂ ಒಳ್ಳೆಯದು.

ಏಳು ಜಾಗಗಳ ಹೆಸರನ್ನು ಐದೈದು ಚೀಟಿಯ ಮೇಲೆ ಬರೆದು, ಮೂವತ್ತೈದನ್ನೂ ಕಲಸಿ ಅದೇ ಕ್ರಮದಲ್ಲಿ ಸದ್ದು ಕೊಡಿ. ಬಾಯಿಗೆ ಬಂದಂತೆ ಆರಿಸಿದರೆ ಮನುಷ್ಯರು ಎಡಬಲ ಎಡಬಲ ಎಂದು ಅದಲುಬದಲು ಮಾಡುತ್ತಲೇ ಹೋಗುತ್ತಾರೆ, ಮಕ್ಕಳು ಅದನ್ನು ಬಹಳ ಬೇಗ ಹಿಡಿಯುತ್ತಾರೆ. ಪ್ರತಿ ಸರದಿಗೂ ಮೊದಲು ಮಗು ನೇರ ಎದುರಿನ ಚಿತ್ರವನ್ನು ನೋಡುತ್ತಿರಬೇಕು. ತಲೆ 20 ಡಿಗ್ರಿ ವಾರೆಯಾಗಿದ್ದರೆ ಎಲ್ಲ ಉತ್ತರಗಳೂ 20 ಡಿಗ್ರಿ ವಾರೆ. ಹನ್ನೆರಡು ಸರದಿಗೊಮ್ಮೆ ಬಿಡುವು. ಸರಿ-ತಪ್ಪು ಹೇಳಬೇಡಿ, ಉತ್ತರ ಕೊಟ್ಟಿದ್ದಕ್ಕೇ ಶಹಬ್ಬಾಸ್ ಅನ್ನಿ. ಉತ್ತರ ಬರೆದುಕೊಳ್ಳುವವರಿಗೆ ಸದ್ದು ಎಲ್ಲಿಂದ ಹೋಯಿತೆಂದು ಗೊತ್ತಿರಬಾರದು. ಗೊತ್ತಿದ್ದರೆ ಎರಡು ಚಿತ್ರಗಳ ನಡುವೆ ತೋರಿಸಿದ ಬೆರಳು ಯಾವಾಗಲೂ ಸರಿಯಾದ ಚಿತ್ರದ ಕಡೆಗೇ ವಾಲಿದಂತೆ ಕಾಣುತ್ತದೆ.

ಹಿಂದೆ-ಮುಂದೆ ನೋಡಬೇಕಿದ್ದರೆ ಅದು ಬೇರೆಯೇ ಸುತ್ತು. ನೇರ ಮುಂದೆ ಒಂದು, ನೇರ ಹಿಂದೆ ಒಂದು, ಕೀಚಲು ಭಾಗ ಧಾರಾಳವಾಗಿರುವ ಚಿಕ್ಕ ನಾಯ್ಸ್. ಟೋಪಿ ತೆಗೆಸಿ, ಕಿವಿ ಮುಚ್ಚಿದ ಕೂದಲನ್ನು ಹಿಂದಕ್ಕೆ ಕಟ್ಟಿ.

ಲೆಕ್ಕ

ಎಡ-ಬಲ ಎರಡೇ ಜಾಗವಿದ್ದರೆ ಸುಮ್ಮನೆ ಊಹಿಸಿದರೂ ಅರ್ಧ ಸರಿಯಾಗುತ್ತದೆ. ಹತ್ತರಲ್ಲಿ ಎಂಟು ಸರಿ ಬರುವುದು ಬರೀ ಅದೃಷ್ಟದಿಂದಲೂ ನೂರಕ್ಕೆ ಐದಕ್ಕಿಂತ ಹೆಚ್ಚು ಸಲ ಆಗುತ್ತದೆ. ಆದ್ದರಿಂದ ಹತ್ತಕ್ಕೆ ಒಂಬತ್ತು, ಇಪ್ಪತ್ತಕ್ಕೆ ಹದಿನೈದು ಸರಿಯಿದ್ದರೆ ಮಾತ್ರ "ಎಡಬಲ ತಿಳಿಯುತ್ತದೆ" ಎನ್ನಿ.

ಏಳು ಜಾಗಗಳಲ್ಲಿ ತಪ್ಪನ್ನು ಡಿಗ್ರಿಯಲ್ಲಿ ಬರೆಯಿರಿ, ಬಲಕ್ಕೆ ತಪ್ಪಿದರೆ ಕೂಡು, ಎಡಕ್ಕೆ ತಪ್ಪಿದರೆ ಕಳೆ. ಪ್ರತಿ ತಪ್ಪನ್ನು ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಕಂಡುಹಿಡಿಯಿರಿ. ಐದು ಸರದಿಯ ತಪ್ಪು 0, 30, −30, 0, 60 ಎಂದಿಟ್ಟುಕೊಳ್ಳಿ: ವರ್ಗಗಳ ಮೊತ್ತ 5400, ಸರಾಸರಿ 1080, ವರ್ಗಮೂಲ ಸುಮಾರು 33 ಡಿಗ್ರಿ. ಚಿಹ್ನೆಯೊಡನೆ ಸರಾಸರಿ ತೆಗೆದರೆ 12 ಡಿಗ್ರಿ ಬಲಕ್ಕೆ. ಇದು ಉತ್ತರಗಳು ಯಾವ ಬದಿಗೆ ವಾಲಿವೆ ಎಂದು ಹೇಳುತ್ತದೆ.

ಈಗ ಎಚ್ಚರಿಕೆಯ ಮಾತು. ಏಳು ಜಾಗ, 30 ಡಿಗ್ರಿ ಅಂತರದ ಈ ಜೋಡಣೆಯಲ್ಲಿ ಕಣ್ಣು ಮುಚ್ಚಿ ಊಹಿಸುವ ಮಗುವಿಗೆ ಸುಮಾರು 85 ಡಿಗ್ರಿ ತಪ್ಪು ಬರುತ್ತದೆ. ಏನೂ ಕೇಳಿಸದೆ ಸದಾ ನಡುವಿನ ಚಿತ್ರವನ್ನೇ ತೋರಿಸುವ ಮಗುವಿಗೆ 60. ಅಂದರೆ ಊಹಿಸುವ ಮಗುವಿಗಿಂತ ಅದು "ಚೆನ್ನಾಗಿ" ಮಾಡಿದಂತೆ! ಯಾವಾಗಲೂ ಒಂದೇ ತುದಿಯನ್ನು ತೋರಿಸಿದರೆ 108. ಬದಿ ಮಾತ್ರ ಸರಿಯಾಗಿ ತಿಳಿದು ಆ ಬದಿಯ ಮೂರು ಜಾಗಗಳಲ್ಲಿ ಊಹಿಸುವ ಮಗುವಿಗೆ 32. ಬದಿ ತಿಳಿದು, ಜಾಣತನದಿಂದ ಆ ಬದಿಯ ನಡುವಿನದನ್ನೇ ಯಾವಾಗಲೂ ತೋರಿಸಿದರೆ 23. ಹಾಗಾಗಿ 25 ಡಿಗ್ರಿ ಎಂಬ ಒಂಟಿ ಅಂಕಿಯಿಂದ ಮಗು ನಿಜವಾಗಿ ಕೋನ ಗುರುತಿಸುತ್ತಿದೆ ಎಂದು ಹೇಳಲಾಗದು. ಸದ್ದಿನ ಜಾಗವನ್ನು ಅಡ್ಡಗೆರೆಯಲ್ಲಿ, ಮಗು ತೋರಿಸಿದ ಜಾಗವನ್ನು ಲಂಬಗೆರೆಯಲ್ಲಿ ಇಟ್ಟು ಚುಕ್ಕೆ ಹಾಕಿ ನೋಡಿ. ಚುಕ್ಕೆಗಳು ಓರೆಗೆರೆಯ ಉದ್ದಕ್ಕೂ ಹಬ್ಬಿದ್ದರೆ ಕೋನ ತಿಳಿಯುತ್ತಿದೆ. ಎರಡು ಗುಂಪಾಗಿದ್ದರೆ ಬದಿ ಮಾತ್ರ. ಮಟ್ಟಸ ಗೆರೆಯಾಗಿದ್ದರೆ ಏನೂ ಇಲ್ಲ. ಒಂದು ಹಾಳೆಯ ಈ ಚಿತ್ರ ಎಲ್ಲ ಸರಾಸರಿಗಳಿಗಿಂತ ಹೆಚ್ಚು ಹೇಳುತ್ತದೆ.

ಇನ್ನೂ ಸೂಕ್ಷ್ಮವಾಗಿ ಅಳೆಯಬೇಕಿದ್ದರೆ ನಡುವಿನಿಂದ ಸಮ ದೂರದಲ್ಲಿ ಎರಡೇ ಸ್ಪೀಕರ್ ಇಟ್ಟು, ಸತತ ಎರಡು ಸರಿಯಾದರೆ ಹತ್ತಿರ ತನ್ನಿ, ಒಂದು ತಪ್ಪಾದರೆ ದೂರ ಒಯ್ಯಿರಿ. ಏರಿಳಿತ ಒಂದೇ ಜಾಗದ ಸುತ್ತ ಸುತ್ತತೊಡಗಿದಾಗ ಅದು ಮಗು ಸುಮಾರು ನೂರಕ್ಕೆ 71 ಸಲ ಸರಿ ಹೇಳುವ ಕೋನ. 10 ಸೆಂಟಿಮೀಟರ್ ಅಗಲದ ಎರಡು ಪೆಟ್ಟಿಗೆಗಳನ್ನು ಅಂಟಿಸಿ ಇಟ್ಟರೂ 1.5 ಮೀಟರ್‌ನಲ್ಲಿ ಅವುಗಳ ನಡುವಿನ ಅಂತರ ಸುಮಾರು 4 ಡಿಗ್ರಿ, ಅದಕ್ಕಿಂತ ಚಿಕ್ಕ ಅಂಕಿಯನ್ನು ಆ ಜೋಡಣೆ ಕೊಡಲಾರದು.

ಫಲಿತಾಂಶ ಕೆಟ್ಟಿದ್ದರೆ

ಮೊದಲು ಜೋಡಣೆಯನ್ನೇ ಅನುಮಾನಿಸಿ. ಕಿವಿ ಸರಿಯಿರುವ ದೊಡ್ಡವರೊಬ್ಬರನ್ನು ಅದೇ ಕುರ್ಚಿಯಲ್ಲಿ ಕೂರಿಸಿ ಮಾಡಿಸಿ; ಅವರೂ ಒಂದೇ ಜಾಗದಲ್ಲಿ ತಪ್ಪಿದರೆ ತಪ್ಪು ಸ್ಪೀಕರಿನದು ಅಥವಾ ಗೋಡೆಯದು. ಕೆಲವೊಮ್ಮೆ ಮಗು ಅತಿಯಾಗಿ ಸರಿ ಹೇಳುವುದೂ ಜೋಡಣೆಯ ತಪ್ಪೇ. ಒಂದು ಸ್ಪೀಕರ್ ಗುಂಯ್‌ಗುಟ್ಟುತ್ತಿದ್ದರೆ, ಇನ್ನೊಂದು ಶುರುವಾಗುವ ಮುನ್ನ ಟಿಕ್ ಎಂದರೆ ಮಕ್ಕಳು ದಿಕ್ಕಿನ ಬದಲು ಆ ಗುರುತನ್ನು ಹಿಡಿಯುತ್ತಾರೆ. ಅನುಮಾನವಿದ್ದರೆ ಎರಡು ಸ್ಪೀಕರ್‌ಗಳ ಜಾಗ ಅದಲುಬದಲು ಮಾಡಿ ಮತ್ತೊಂದು ಸುತ್ತು ಮಾಡಿ.

ಮಗುವಿಗೆ ನೆಗಡಿ ಇದೆಯೇ, ಕಿವಿಯಲ್ಲಿ ಗುಗ್ಗೆ ಕಟ್ಟಿದೆಯೇ ಕೇಳಿ. ನಡುಗಿವಿಯಲ್ಲಿ ನೀರು ತುಂಬಿದಾಗ, ಅದರಲ್ಲೂ ಒಂದೇ ಬದಿಗೆ, ದಿಕ್ಕು ತಪ್ಪುವುದು ಸಾಮಾನ್ಯ, ವಾಸಿಯಾದ ಮೇಲೂ ಸರಿಹೋಗಲು ಸಮಯ ಹಿಡಿಯಬಹುದು. ಇನ್ನೊಂದು ದಿನ ಮತ್ತೆ ಮಾಡಿ. ಎರಡೂ ದಿನ ಉತ್ತರಗಳು ಒಂದೇ ಬದಿಗೆ ವಾಲಿದರೆ ಪ್ರತಿ ಕಿವಿಯನ್ನೂ ಪ್ರತ್ಯೇಕವಾಗಿ ಆಡಿಯಾಲಜಿಸ್ಟ್ ಬಳಿ ಪರೀಕ್ಷಿಸಬೇಕು. ಸರಿಯಾಗಿ ತಿರುಗುತ್ತಿದ್ದ ಮಗು ಇದ್ದಕ್ಕಿದ್ದಂತೆ ತಪ್ಪತೊಡಗಿದರೆ ಮರುಪರೀಕ್ಷೆಗೆ ಕಾಯಬೇಡಿ. ಒಂದು ಕಿವಿ ಹಠಾತ್ತನೆ ಮಂದವಾಗಿದ್ದರೆ ಚಿಕಿತ್ಸೆಗೆ ದಿನಗಳ ಲೆಕ್ಕದಲ್ಲಿ ಬೆಲೆ.

ಶ್ರವಣ ಸಾಧನ, ಕಾಕ್ಲಿಯರ್ ಇಂಪ್ಲಾಂಟ್ ಇರುವ ಮಕ್ಕಳು

ಬ್ಯಾಟರಿ ನೋಡಿ, ಎರಡೂ ಬದಿಗೆ ಸದ್ದು ಆರಾಮವಾಗಿ ಕೇಳುತ್ತಿದೆಯೇ ಮೊದಲು ಖಚಿತಪಡಿಸಿಕೊಳ್ಳಿ. ಎರಡೂ ಹಾಕಿಕೊಂಡು, ಎಡ ಮಾತ್ರ, ಬಲ ಮಾತ್ರ ಎಂದು ಮೂರು ಸುತ್ತು. ಕ್ರಮವನ್ನು ಮಗುವಿನಿಂದ ಮಗುವಿಗೆ ಬದಲಿಸಿ, ಇಲ್ಲದಿದ್ದರೆ ಕೊನೆಯ ಸುತ್ತಿನ ಆಯಾಸವನ್ನು ಸಾಧನದ ದೋಷವೆಂದು ಓದುತ್ತೀರಿ. ನಾಯ್ಸ್ ಬಳಸಿದರೆ ಗದ್ದಲ ತಗ್ಗಿಸುವ ಸೌಲಭ್ಯ ಅದನ್ನು ಗದ್ದಲವೆಂದೇ ತಿಳಿದು ಅದುಮಬಹುದು. ಆ ಸೌಲಭ್ಯವನ್ನು ಆಡಿಯಾಲಜಿಸ್ಟ್ ಕೈಯಲ್ಲಿ ಬಂದ್ ಮಾಡಿಸಿ, ಅಥವಾ ಪದವನ್ನೇ ಬಳಸಿ, ಯಾವ ಸೆಟ್ಟಿಂಗ್ ಇತ್ತೆಂದು ಬರೆದಿಡಿ.

ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆಯಿಂದ ಒಳಗಿವಿಯಲ್ಲಿ ಕೂರಿಸುವ ಸಾಧನ) ಇರುವ ಮಕ್ಕಳಿಗೆ ಸಮಯದ ಸೂಕ್ಷ್ಮ ಸುಳಿವು ಬಹುಮಟ್ಟಿಗೆ ಸಿಗುವುದಿಲ್ಲ, ಜೋರಿನ ವ್ಯತ್ಯಾಸವನ್ನೇ ನಂಬಿರುತ್ತಾರೆ. ಎರಡೂ ಬದಿಯ ಯಂತ್ರಗಳು ತಮ್ಮ ಪಾಡಿಗೆ ತಾವು ಜೋರನ್ನು ತಗ್ಗಿಸಿ ಏರಿಸಿದರೆ ಆ ಸುಳಿವೂ ಕುಂದುತ್ತದೆ. ಕಿವಿಯ ಹಿಂದೆ ಕೂರುವ ಸಾಧನದ ಮೈಕ್ ಹೊರಕಿವಿಯ ಮಡಿಕೆಗಳ ಆಚೆ ಇರುವುದರಿಂದ ಹಿಂದೆ-ಮುಂದೆ ತಿಳಿಯದಿರುವುದು ಮಗುವಿನ ಕೊರತೆಯಲ್ಲ. ಹೊಸ ಸಾಧನ ಹಾಕಿದ ವಾರದಲ್ಲೇ ಅಳೆಯಬೇಡಿ. ಕೆಲವು ತಿಂಗಳು ಬಿಟ್ಟು ಅದೇ ಕೋಣೆ, ಅದೇ ಸದ್ದು, ಅದೇ ಅಂತರದಲ್ಲಿ ಅಳೆದು, ಹಳೆಯ ಚುಕ್ಕೆಗಳ ಹಾಳೆಯ ಪಕ್ಕಕ್ಕೆ ಹೊಸದನ್ನಿಟ್ಟು ನೋಡಿ.